ಸಿಹಿನೀರಿನ ಪರಿಭಾಷೆ, ಇಂಗ್ಲಿಷ್‌–ಪೋಲಿಷ್

ನದಿ, ಕೆರೆ, ಅಂತರ್ಜಲ ಮೊದಲಾದ ಸಿಹಿನೀರಿನ ಸಂಪನ್ಮೂಲಗಳನ್ನು ಕುರಿತ ಇಂಗ್ಲಿಷ್ ಪಾರಿಭಾಷಿಕ ಪದಗಳಿಗೆ ಪೋಲಿಷ್ ಭಾಷೆಯಲ್ಲಿ ಸಮಾನಪದಗಳನ್ನು ನೆಲೆಗೊಳಿಸುವ ಕೆಲಸ. ಕಾನೂನು ಅನುವಾದ ಮತ್ತು ಜಲವಿಜ್ಞಾನ ಸೇರುವ ಕ್ಷೇತ್ರ.

2004ರ ಮೇ 1ರಂದು ಪೋಲೆಂಡ್ ಐರೋಪ್ಯ ಒಕ್ಕೂಟ ಸೇರಿದಾಗ, 2000ದ ಜಲ ಚೌಕಟ್ಟು ನಿರ್ದೇಶನವೂ ಸೇರಿದಂತೆ ಒಕ್ಕೂಟದ ಕಾನೂನುಗಳು ಪೋಲಿಷ್‌ನಲ್ಲಿ ಅಧಿಕೃತವಾಗಿ ಲಭ್ಯವಿರಬೇಕಾಯಿತು. ಈ ಕ್ಷೇತ್ರಕ್ಕೆ ದೊಡ್ಡ ಒತ್ತು ದೊರೆತದ್ದು ಆಗಲೇ.

ಅತ್ಯಂತ ತೊಡಕಿನ ಪದ ‘ವಾಟರ್ ಬಾಡಿ’. ನಿರ್ದೇಶನದಲ್ಲಿ ಇದು ಕೆರೆ, ಜಲಾಶಯ, ಕಾಲುವೆಗಳಷ್ಟೇ ಅಲ್ಲ, ನದಿಯ ಒಂದು ಭಾಗವೂ ಹೌದು. ಪೋಲಿಷ್‌ನ ರೂಢಿಯ ‘ಜ್ಬಿಯೋರ್ನಿಕ್ ವೊದ್ನಿ’ ಎಂದರೆ ನೀರು ನಿಂತ ಜಲಾಶಯ. ಅದನ್ನೇ ಬಳಸಿದ್ದರೆ ಹರಿಯುವ ನದಿಗಳು ವ್ಯಾಖ್ಯೆಯಿಂದ ಹೊರಗುಳಿಯುತ್ತಿದ್ದವು. ಹೀಗಾಗಿ ‘ನೀರಿನ ಏಕರೂಪ ಭಾಗ’ ಎಂಬರ್ಥದ ‘ಯೆದ್ನೊಲಿತಾ ಚೆಂಶ್ಚ್ ವುದ್’ ಬಳಕೆಗೆ ಬಂತು. ಕೃತಕವೆನಿಸಿದರೂ ನಿಖರವಾದ ಪದ.

ಇಂಗ್ಲಿಷ್‌ನ ‘ಬೇಸಿನ್’, ‘ಕ್ಯಾಚ್‌ಮೆಂಟ್’ ಪದಗಳು ಒಂದರೊಳಗೊಂದು ಬೆರೆಯುವುದುಂಟು. ಪೋಲಿಷ್ ಭೂಗೋಳಶಾಸ್ತ್ರದಲ್ಲಿ ಸಮುದ್ರ ಸೇರುವ ವಿಸ್ತುಲಾದಂಥ ನದಿಯ ಇಡೀ ಕೊಳ್ಳ ‘ದೊಝೆಚೆ’. ಹರಿವಿನ ಯಾವುದೇ ಬಿಂದುವಿಗೆ ನೀರುಣಿಸುವ ಪ್ರದೇಶ ‘ಜ್ಲೆವ್ನ್ಯಾ’.

ಮೂಲ ಪದವೇನೋ ಸಲೀಸು. ‘ವೊದಾ ಸ್ವೊಟ್ಕಾ’ ಎಂದರೆ, ಕನ್ನಡದಂತೆಯೇ, ಸಿಹಿಯಾದ ನೀರು.

ಈ ಪದಗಳು ಕಾನೂನಿನ ಬಲ ಪಡೆದಿವೆ: 2018ರ ಜನವರಿ 1ರಿಂದ ಜಾರಿಯಲ್ಲಿರುವ ಪೋಲೆಂಡಿನ ಜಲ ಕಾಯಿದೆ ನೀರಿನ ಸ್ಥಿತಿಯ ಮೌಲ್ಯಮಾಪನವನ್ನು ‘ಏಕರೂಪ ಭಾಗ’ಗಳ ಲೆಕ್ಕದಲ್ಲೇ ನಡೆಸುತ್ತದೆ.