ಕಾಲುವೆ ದೋಣಿಯ ಟಿವಿ: ಬ್ಯಾಟರಿ ವಿದ್ಯುತ್ತಿನ ಆಯವ್ಯಯ

ದಡದ ವಿದ್ಯುತ್ ಸಂಪರ್ಕವಿಲ್ಲದ ದೋಣಿಯಲ್ಲಿ ಟಿವಿ, ಸಂಗೀತ ಸಾಧನ, ಇಂಟರ್ನೆಟ್ ರೂಟರ್ ಮೊದಲಾದ ಉಪಕರಣಗಳನ್ನು ಬ್ಯಾಟರಿಯಿಂದಲೇ ನಡೆಸುವ ಕ್ರಮವು ಬ್ರಿಟನ್ನಿನ ಕಾಲುವೆಗಳಲ್ಲಿ ಬಹಳ ಪ್ರಚಲಿತವಾಗಿದೆ. ಕೈಗಾರಿಕಾ ಕ್ರಾಂತಿಯ ಕಾಲದಲ್ಲಿ ಕಲ್ಲಿದ್ದಲನ್ನೂ ಇತರ ಸರಕನ್ನೂ ಸಾಗಿಸಲು ತೋಡಿದ ಈ ಜಲಮಾರ್ಗಗಳಲ್ಲಿ ಇಂದು ವಿಹಾರಕ್ಕೂ ಕಾಯಂ ವಾಸಕ್ಕೂ ಬಳಕೆಯಾಗುವ ನ್ಯಾರೋಬೋಟುಗಳು ಓಡಾಡುತ್ತವೆ. ಹಳೆಯ ಕಾಲುವೆಗಳ, ನೀರಿನ ಮಟ್ಟ ಏರಿಳಿಸಿ ದೋಣಿ ದಾಟಿಸುವ ಕಿರಿದಾದ ಲಾಕ್‌ಗಳಲ್ಲಿ ತೂರಬೇಕಾದ ಕಾರಣ ಈ ದೋಣಿಗಳ ಅಗಲ ಸುಮಾರು 2.1 ಮೀಟರ್ ಮಾತ್ರ. ಉದ್ದ ಹೆಚ್ಚೆಂದರೆ 22 ಮೀಟರಿನಷ್ಟು. ಸ್ವಂತ ತಂಗುದಾಣವಿಲ್ಲದೆ ಸದಾ ಸಂಚರಿಸುವ ದೋಣಿಯು ಸಾಮಾನ್ಯವಾಗಿ ಒಂದೇ ಸ್ಥಳದಲ್ಲಿ 14 ದಿನಗಳಿಗಿಂತ ಹೆಚ್ಚು ಕಾಲ ನಿಲ್ಲುವಂತಿಲ್ಲವೆಂದು 1995ರ ಬ್ರಿಟಿಷ್ ಜಲಮಾರ್ಗ ಕಾಯ್ದೆ ವಿಧಿಸುತ್ತದೆ. ಹೀಗೆ ಊರೂರು ಸಾಗುವ ಮನೆಯು ತನ್ನ ವಿದ್ಯುತ್ತನ್ನು ತಾನೇ ಹೊತ್ತೊಯ್ಯಬೇಕಾಗುತ್ತದೆ.

ವ್ಯವಸ್ಥೆಯ ಸ್ವರೂಪ

ಕರ್ನಾಟಕದ ಅನೇಕ ಮನೆಗಳಲ್ಲಿ ಕರೆಂಟು ಹೋದಾಗ ಕೆಲಸಕ್ಕೆ ಬರುವ ಯುಪಿಎಸ್‌ನಲ್ಲಿರುವ ಭಾಗಗಳೇ ದೋಣಿಯಲ್ಲಿಯೂ ಇವೆ: ಬ್ಯಾಟರಿ, ಅದನ್ನು ಚಾರ್ಜ್ ಮಾಡುವ ಸಾಧನ ಮತ್ತು ಇನ್ವರ್ಟರ್. ಮನೆಯ ಯುಪಿಎಸ್ ಕರೆಂಟು ಮರಳಿದೊಡನೆ ತಾನಾಗಿಯೇ ಚಾರ್ಜ್ ಆಗುತ್ತದೆ. ದೋಣಿಯಲ್ಲಿ ಮರಳಿ ಬರುವ ಕರೆಂಟೇ ಇಲ್ಲ. ಆದ್ದರಿಂದ ಟಿವಿ ನಡೆಯುತ್ತದೆಯೇ ಎಂಬುದು ಇಲ್ಲಿ ದೊಡ್ಡ ಪ್ರಶ್ನೆಯಾಗುವುದಿಲ್ಲ. ಸಂಜೆ ತೆಗೆದ ವಿದ್ಯುತ್ತನ್ನು ಮರುದಿನ ಹಿಂದಿರುಗಿಸಲು ಸಾಧ್ಯವೇ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ದೋಣಿಯಲ್ಲಿ ಸಾಮಾನ್ಯವಾಗಿ ಎರಡು ಪ್ರತ್ಯೇಕ ಬ್ಯಾಟರಿ ಸಮೂಹಗಳಿರುತ್ತವೆ. ಒಂದು ಡೀಸೆಲ್ ಎಂಜಿನ್ನನ್ನು ಚಾಲೂ ಮಾಡಲು, ಇನ್ನೊಂದು ದೀಪ, ನೀರಿನ ಪಂಪು, ಫ್ರಿಜ್ ಹಾಗೂ ಮನರಂಜನೆಗೆ. ಚಾಲನಾ ಬ್ಯಾಟರಿಯಲ್ಲಿ ತೆಳುವಾದ ಅನೇಕ ಫಲಕಗಳಿದ್ದು, ಅದು ಕ್ಷಣಮಾತ್ರ ಭಾರೀ ಪ್ರವಾಹ ನೀಡಲು ತಕ್ಕುದಾಗಿದೆ. ಗೃಹಬಳಕೆಯ ಡೀಪ್ ಸೈಕಲ್ ಬ್ಯಾಟರಿಯ ಫಲಕಗಳು ದಪ್ಪವಾಗಿದ್ದು, ಗಂಟೆಗಟ್ಟಲೆ ಅಲ್ಪ ಪ್ರವಾಹ ನೀಡುವುದನ್ನು ತಾಳಿಕೊಳ್ಳುತ್ತವೆ. ಇವೆರಡರ ನಡುವೆ ರಿಲೇ ಒಂದು ಇದ್ದು, ಎಂಜಿನ್ ಓಡುವಾಗ ಎರಡನ್ನೂ ಜೋಡಿಸಿ, ನಿಂತಾಗ ಬೇರ್ಪಡಿಸುತ್ತದೆ. ರಾತ್ರಿಯಿಡೀ ಸಿನಿಮಾ ನೋಡಿದರೂ ಬೆಳಗ್ಗೆ ಎಂಜಿನ್ ಚಾಲೂ ಆಗುವುದು ಈ ಏರ್ಪಾಡಿನಿಂದಲೇ.

ಬ್ಯಾಟರಿಯ ವರ್ತನೆ

ಸೀಸ-ಆಮ್ಲ ಬ್ಯಾಟರಿಯನ್ನು 12 ವೋಲ್ಟ್ ಎಂದು ಕರೆಯುವುದು ರೂಢಿಯಾದರೂ, ಅದರ ವೋಲ್ಟೇಜು ಎಂದೂ ಸ್ಥಿರವಾಗಿರುವುದಿಲ್ಲ. ಪೂರ್ಣ ಚಾರ್ಜ್ ಆಗಿ ವಿಶ್ರಾಂತ ಸ್ಥಿತಿಯಲ್ಲಿದ್ದಾಗ ಅದು ಸುಮಾರು 12.7 ವೋಲ್ಟ್, ಅರ್ಧ ಖಾಲಿಯಾದಾಗ ಸುಮಾರು 12.2 ವೋಲ್ಟ್ ತೋರಿಸುತ್ತದೆ. ಎಂಜಿನ್ನಿನ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವಾಗ ಇದೇ ಜೋಡಣೆಯಲ್ಲಿ 14.4 ವೋಲ್ಟ್‌ನಷ್ಟು ಕಾಣಬಹುದು.

ಬ್ಯಾಟರಿಯ ಧಾರಣಶಕ್ತಿಯನ್ನು ಆಂಪಿಯರ್-ಗಂಟೆಗಳಲ್ಲಿ ಅಳೆಯುತ್ತಾರೆ. 110 ಆಂಪಿಯರ್-ಗಂಟೆಯ ಸೀಸ-ಆಮ್ಲ ಬ್ಯಾಟರಿಯಿಂದ 110ನ್ನೂ ತೆಗೆಯುವುದು ವಿವೇಕವಲ್ಲ. ಅರ್ಧಕ್ಕಿಂತ ಕೆಳಗೆ ಮತ್ತೆಮತ್ತೆ ಇಳಿಸಿದರೆ ಅದರ ಆಯುಷ್ಯ ಬೇಗ ಕುಂದುತ್ತದೆ. ಅರೆಚಾರ್ಜಿನ ಸ್ಥಿತಿಯಲ್ಲಿ ವಾರಗಟ್ಟಲೆ ಬಿಡುವುದೂ ಅಷ್ಟೇ ಹಾನಿಕರ: ಫಲಕಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿ ಹರಳುಗಳಾಗಿ ಕೂತು, ಮುಂದೆ ಕರಗದೆ ಉಳಿಯುತ್ತದೆ. ಆದ್ದರಿಂದ ಅಂತಹ ಒಂದು ಬ್ಯಾಟರಿಯಲ್ಲಿ ನಿಜವಾಗಿ ಕೈಗೆ ಸಿಗುವುದು ಸುಮಾರು 55 ಆಂಪಿಯರ್-ಗಂಟೆ.

ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯು ಈ ವಿಷಯದಲ್ಲಿ ಉದಾರಿ. ಅದರ ಧಾರಣಶಕ್ತಿಯ ಶೇ. 80ರಷ್ಟನ್ನು ನಿರಾತಂಕವಾಗಿ ಬಳಸಬಹುದು. ವೋಲ್ಟೇಜು ಬಹುತೇಕ ಕೊನೆಯವರೆಗೂ 13ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಗುಣವೇ ಒಂದು ತೊಡಕನ್ನೂ ತರುತ್ತದೆ. ವೋಲ್ಟ್‌ಮೀಟರ್ ನೋಡಿ ಎಷ್ಟು ಉಳಿದಿದೆಯೆಂದು ಊಹಿಸಲಾಗದ ಕಾರಣ, ಒಳಹೋದ ಮತ್ತು ಹೊರಬಂದ ಪ್ರವಾಹವನ್ನು ಎಣಿಸುವ ಮಾನಿಟರ್ ಬೇಕಾಗುತ್ತದೆ. ಇದಲ್ಲದೆ, ಶೂನ್ಯ ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಉಷ್ಣತೆಯಲ್ಲಿ ಈ ಬ್ಯಾಟರಿಯನ್ನು ಚಾರ್ಜ್ ಮಾಡಿದರೆ ಅದು ಕೆಡುತ್ತದೆ. ಕಾಲುವೆಯ ನೀರೇ ಹೆಪ್ಪುಗಟ್ಟುವ ಚಳಿಗಾಲಗಳಿರುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಒಂದು ಸಂಜೆಯ ಲೆಕ್ಕ

ಸುಮಾರು 80 ಸೆಂಟಿಮೀಟರ್ ಪರದೆಯ ಎಲ್‌ಇಡಿ ಟಿವಿಗೆ 35 ವ್ಯಾಟ್, ಸ್ಟ್ರೀಮಿಂಗ್ ಸಾಧನಕ್ಕೆ 5, ರೂಟರಿಗೆ 8, ಸೌಂಡ್‌ಬಾರಿಗೆ 12 ವ್ಯಾಟ್ ಎಂದು ಇಟ್ಟುಕೊಂಡರೆ ಒಟ್ಟು 60 ವ್ಯಾಟ್ ಆಗುತ್ತದೆ. ನಾಲ್ಕು ಗಂಟೆಗಳ ಬಳಕೆಗೆ 240 ವ್ಯಾಟ್-ಗಂಟೆ ಬೇಕು. ಇದನ್ನು 12ರಿಂದ ಭಾಗಿಸಿದಾಗ 20 ಆಂಪಿಯರ್-ಗಂಟೆ ದೊರೆಯುತ್ತದೆ. ದೋಣಿಯ ಸಣ್ಣ ಫ್ರಿಜ್ ದಿನವೊಂದಕ್ಕೆ 30ರಿಂದ 40 ಆಂಪಿಯರ್-ಗಂಟೆ ಸೆಳೆಯುವುದನ್ನು ಗಮನಿಸಿದರೆ ಟಿವಿ ದುಬಾರಿ ಅತಿಥಿಯೇನಲ್ಲ. ಆದರೆ ಈ ಲೆಕ್ಕವು ವಿದ್ಯುತ್ತು ಬ್ಯಾಟರಿಯಿಂದ ನೇರವಾಗಿ ಉಪಕರಣವನ್ನು ತಲುಪುತ್ತದೆಂಬ ಗ್ರಹಿಕೆಯ ಮೇಲೆ ನಿಂತಿದೆ.

ಇನ್ವರ್ಟರ್ ಮಾರ್ಗ ಮತ್ತು ನೇರ ಮಾರ್ಗ

ಬ್ಯಾಟರಿಯು ನೀಡುವುದು ನೇರ ವಿದ್ಯುತ್ ಪ್ರವಾಹ. ಬ್ರಿಟನ್ನಿನ ಗೃಹೋಪಕರಣಗಳು ಬಯಸುವುದು 230 ವೋಲ್ಟ್‌ನ ಪರ್ಯಾಯ ವಿದ್ಯುತ್ ಪ್ರವಾಹ. ಮೊದಲಿನದನ್ನು ಎರಡನೆಯದಕ್ಕೆ ಬದಲಿಸುವ ಸಾಧನವೇ ಇನ್ವರ್ಟರ್. ಅಗ್ಗದ ಇನ್ವರ್ಟರ್‌ಗಳು ಮೆಟ್ಟಿಲಿನಾಕಾರದ ತರಂಗವನ್ನು ಉತ್ಪಾದಿಸುತ್ತವೆ. ಇದರಿಂದ ಧ್ವನಿವರ್ಧಕದಲ್ಲಿ ಗುಂಯ್‌ಗುಡುವ ಸದ್ದು ಏಳಬಹುದು, ಕೆಲವು ಅಡಾಪ್ಟರುಗಳು ಬಿಸಿಯಾಗಬಹುದು. ಶುದ್ಧ ಸೈನ್ ತರಂಗದ ಇನ್ವರ್ಟರ್‌ನಲ್ಲಿ ಈ ತೊಂದರೆ ಇರುವುದಿಲ್ಲ.

ಇನ್ವರ್ಟರ್ ತನ್ನ ಕೆಲಸಕ್ಕೆ ಕೂಲಿ ಪಡೆಯುತ್ತದೆ. ಶೇ. 85ರ ದಕ್ಷತೆಯಲ್ಲಿ ಮೇಲಿನ 240 ವ್ಯಾಟ್-ಗಂಟೆಗೆ ಬ್ಯಾಟರಿಯು ಸುಮಾರು 282 ವ್ಯಾಟ್-ಗಂಟೆ ಕೊಡಬೇಕಾಗುತ್ತದೆ, ಅಂದರೆ 23ರಿಂದ 24 ಆಂಪಿಯರ್-ಗಂಟೆ. ಇಷ್ಟು ನಷ್ಟವನ್ನು ಸಹಿಸಬಹುದು. ಸಹಿಸಲಾಗದ ನಷ್ಟ ಬೇರೆಡೆ ಅಡಗಿದೆ. ಯಾವ ಉಪಕರಣವೂ ನಡೆಯದಿದ್ದಾಗಲೂ ಚಾಲೂ ಇರುವ ಇನ್ವರ್ಟರ್ ತನಗಾಗಿ ಸುಮಾರು 10 ವ್ಯಾಟ್ ಬಳಸುತ್ತದೆಂದು ಭಾವಿಸಿದರೆ, ಟಿವಿ ಆರಿಸಿದ ನಂತರದ 20 ಗಂಟೆಗಳಲ್ಲಿ ಸುಮ್ಮನೆ 200 ವ್ಯಾಟ್-ಗಂಟೆ ಕರಗಿಹೋಗುತ್ತದೆ. ನೋಡಿದ್ದಕ್ಕೆ ತಗುಲಿದ ವೆಚ್ಚವೂ ನೋಡದಿದ್ದುದಕ್ಕೆ ತಗುಲಿದ ವೆಚ್ಚವೂ ಹತ್ತಿರಹತ್ತಿರ ಸಮನಾಗುತ್ತವೆ. ಬಟ್ಟೆ ಒಗೆಯುವ ಯಂತ್ರಕ್ಕೆಂದು ಅಳವಡಿಸಿದ 3000 ವ್ಯಾಟ್‌ನ ಇನ್ವರ್ಟರ್‌ನಿಂದಲೇ ಟಿವಿಯನ್ನೂ ನಡೆಸುವ ಪದ್ಧತಿ ಈ ಕಾರಣಕ್ಕೆ ಜಾಣತನದ್ದಲ್ಲ: ಇನ್ವರ್ಟರ್ ದೊಡ್ಡದಾದಷ್ಟೂ ಸಾಮಾನ್ಯವಾಗಿ ಈ ಸ್ವಂತ ಬಳಕೆ ಹೆಚ್ಚು. ಟಿವಿಗೆಂದೇ 300 ವ್ಯಾಟ್‌ನ ಸಣ್ಣದೊಂದನ್ನು ಇಟ್ಟು, ನೋಡಿ ಮುಗಿದೊಡನೆ ಆರಿಸುವುದು ಲೇಸು.

ಇನ್ನೊಂದು ವಿಚಿತ್ರವೂ ಇದೆ. ಅನೇಕ ಸಣ್ಣ ಟಿವಿಗಳು, ರೂಟರುಗಳು ಮತ್ತು ಸೆಟ್‌ಟಾಪ್ ಪೆಟ್ಟಿಗೆಗಳು ಒಳಗೆ 12 ವೋಲ್ಟ್‌ನ ನೇರ ಪ್ರವಾಹದಿಂದಲೇ ನಡೆಯುತ್ತವೆ. ಅವುಗಳೊಂದಿಗೆ ಬರುವ ಅಡಾಪ್ಟರ್ 230 ವೋಲ್ಟನ್ನು ಇಳಿಸಿಕೊಡುತ್ತದೆ. ಹೀಗಾಗಿ ದೋಣಿಯಲ್ಲಿ 12 ವೋಲ್ಟನ್ನು 230ಕ್ಕೆ ಏರಿಸಿ, ಮತ್ತೆ 12ಕ್ಕೆ ಇಳಿಸುವ ಪ್ರದಕ್ಷಿಣೆ ನಡೆಯುತ್ತದೆ. ಅಡಾಪ್ಟರನ್ನು ಬಿಟ್ಟು ಬ್ಯಾಟರಿಗೆ ನೇರವಾಗಿ ಜೋಡಿಸಿದರೆ ಎರಡೂ ನಷ್ಟಗಳು ತಪ್ಪುತ್ತವೆ. ಆದರೆ ನಿಖರವಾಗಿ 12 ವೋಲ್ಟ್‌ಗೆಂದು ರೂಪಿಸಿದ ಟಿವಿಯು ಚಾರ್ಜಿಂಗ್ ವೇಳೆಯ 14.4 ವೋಲ್ಟನ್ನು ತಾಳಿಕೊಳ್ಳುವುದೆಂಬ ಖಾತರಿಯಿಲ್ಲ. ಆದ್ದರಿಂದ ನಡುವೆ ವೋಲ್ಟೇಜ್ ಸ್ಥಿರಕಾರಿಯೊಂದನ್ನು ಇಡಬೇಕು. ಇಂತಹ ಸಾಧನಗಳಲ್ಲಿ 9ರಿಂದ 18 ವೋಲ್ಟ್‌ವರೆಗಿನ ಯಾವುದೇ ವೋಲ್ಟೇಜನ್ನು ಸ್ವೀಕರಿಸಿ ಸ್ಥಿರವಾದ 12ನ್ನು ನೀಡುವಂಥವು ಸುಲಭವಾಗಿ ದೊರೆಯುತ್ತವೆ. 19 ವೋಲ್ಟ್ ಬೇಡುವ ಟಿವಿ ಮತ್ತು ಲ್ಯಾಪ್‌ಟಾಪ್‌ಗಳಿಗೆ ವೋಲ್ಟೇಜ್ ಏರಿಸುವ ಸಾಧನಗಳಿವೆ.

ತಂತಿಯ ದಪ್ಪ

ನ್ಯಾರೋಬೋಟಿನಲ್ಲಿ ಎಂಜಿನ್ ಹಾಗೂ ಬ್ಯಾಟರಿಗಳು ಸಾಮಾನ್ಯವಾಗಿ ಹಿಂಭಾಗದಲ್ಲಿರುತ್ತವೆ. ಕುಳಿತುಕೊಳ್ಳುವ ಕೋಣೆ ಬಹಳ ದೋಣಿಗಳಲ್ಲಿ ಮುಂಭಾಗದಲ್ಲಿದೆ. ಟಿವಿಗೆ ಹೋಗುವ ತಂತಿ ದೋಣಿಯ ಬಹುಪಾಲು ಉದ್ದವನ್ನು ಹಾಯಬೇಕು. ಕಡಿಮೆ ವೋಲ್ಟೇಜಿನಲ್ಲಿ ಅದೇ ಸಾಮರ್ಥ್ಯ ಪಡೆಯಲು ಹೆಚ್ಚು ಪ್ರವಾಹ ಹರಿಯಬೇಕಾದುದರಿಂದ ತಂತಿಯ ರೋಧವು ಇಲ್ಲಿ ತನ್ನ ಪ್ರಭಾವ ತೋರುತ್ತದೆ. 12 ವೋಲ್ಟ್‌ನಲ್ಲಿ 60 ವ್ಯಾಟ್ ಎಂದರೆ 5 ಆಂಪಿಯರ್. 10 ಮೀಟರ್ ದೂರಕ್ಕೆ ಹೋಗಿಬರುವ 20 ಮೀಟರ್ ತಾಮ್ರದ ತಂತಿಯ ಅಡ್ಡಕೊಯ್ತ 1.5 ಚದರ ಮಿಲಿಮೀಟರ್ ಆಗಿದ್ದರೆ ದಾರಿಯಲ್ಲೇ 1.1 ವೋಲ್ಟ್‌ಗೂ ಮಿಕ್ಕಿ ಕಳೆದುಹೋಗುತ್ತದೆ. ಅರ್ಧ ಖಾಲಿಯಾದ ಬ್ಯಾಟರಿಯ 12.2 ವೋಲ್ಟ್ ಟಿವಿಯ ಬಳಿ 11ಕ್ಕೆ ಇಳಿದು, ಪರದೆ ತಾನಾಗಿ ಆರಿಹೋಗುವುದುಂಟು. ಬ್ಯಾಟರಿಯೇ ಕೆಟ್ಟಿದೆಯೆಂದು ಹೊಸದನ್ನು ಕೊಳ್ಳುವವರು ಮೊದಲು ತಂತಿಯನ್ನು ಪರೀಕ್ಷಿಸುವುದು ಒಳ್ಳೆಯದು. 6 ಚದರ ಮಿಲಿಮೀಟರಿನ ತಂತಿಯಲ್ಲಿ ಇದೇ ನಷ್ಟ 0.3 ವೋಲ್ಟ್‌ಗಿಂತ ಕಡಿಮೆ.

ಧ್ವನಿ

ಕಾರಿನ ಸ್ಟೀರಿಯೋ ಹುಟ್ಟಿನಿಂದಲೇ 12 ವೋಲ್ಟ್‌ನ ಏರಿಳಿತಕ್ಕೆ ಒಗ್ಗಿರುವುದರಿಂದ ದೋಣಿಗೆ ಹೇಳಿ ಮಾಡಿಸಿದಂತಿದೆ. ಅದರ ಮೇಲೆ ಮುದ್ರಿತವಾದ ನೂರಾರು ವ್ಯಾಟ್‌ಗಳು ಗರಿಷ್ಠ ಮಿತಿ ಮಾತ್ರ. ಚಿಕ್ಕ ಕೋಣೆಯಲ್ಲಿ ಹಿತವಾಗಿ ಕೇಳಲು ಕೆಲವೇ ವ್ಯಾಟ್ ಸಾಕು. ಡಿ ವರ್ಗದ ಆಂಪ್ಲಿಫೈಯರ್‌ಗಳು ಹಳೆಯ ಬಗೆಯವುಗಳಿಗಿಂತ ಬಹಳ ಕಡಿಮೆ ಶಾಖ ಸೂಸುವುದರಿಂದ ಬ್ಯಾಟರಿ ಬಳಕೆಗೆ ಹೆಚ್ಚು ಸೂಕ್ತ. ಎಂಜಿನ್ ಓಡುವಾಗ ಮಾತ್ರ ಕೇಳಿಸುವ, ವೇಗದೊಂದಿಗೆ ಏರುವ ಸಣ್ಣ ಸಿಳ್ಳು ಆಲ್ಟರ್ನೇಟರಿನ ಕೊಡುಗೆ. ಶೋಧಕವನ್ನು ಅಳವಡಿಸಿ, ಎಲ್ಲ ಉಪಕರಣಗಳ ಋಣ ತಂತಿಗಳನ್ನು ಒಂದೇ ಬಿಂದುವಿಗೆ ತಂದರೆ ಅದು ಬಹುಮಟ್ಟಿಗೆ ಅಡಗುತ್ತದೆ.

ಮರಳಿ ತುಂಬುವ ಬಗೆ

ಸೀಸ-ಆಮ್ಲ ಬ್ಯಾಟರಿ ಮೊದಲ ಶೇ. 80ರವರೆಗೆ ಚುರುಕಾಗಿ ಚಾರ್ಜ್ ಆಗುತ್ತದೆ, ಉಳಿದ ಶೇ. 20 ತುಂಬಲು ಇನ್ನೂ ಹಲವು ಗಂಟೆಗಳು ಹಿಡಿಯುತ್ತವೆ. ದಿನಕ್ಕೊಂದು ಗಂಟೆ ಎಂಜಿನ್ ಓಡಿಸಿ ಕೆಲಸ ಮುಗಿಯಿತೆಂದು ಭಾವಿಸಿದರೆ ಬ್ಯಾಟರಿಯು ಎಂದೂ ಪೂರ್ಣವಾಗದೆ, ಮೇಲೆ ಹೇಳಿದ ಸಲ್ಫೇಟಿನ ಕಾಯಿಲೆಗೆ ಗುರಿಯಾಗುತ್ತದೆ. ಬೇಕೆಂದಾಗ ಓಡಿಸುವ ಸ್ವಾತಂತ್ರ್ಯವೂ ಇಲ್ಲ: ಜಲಮಾರ್ಗಗಳ ಉಸ್ತುವಾರಿ ಹೊತ್ತ ಕೆನಾಲ್ ಅಂಡ್ ರಿವರ್ ಟ್ರಸ್ಟ್, ಅಕ್ಕಪಕ್ಕದಲ್ಲಿ ಜನರಿರುವಲ್ಲಿ ರಾತ್ರಿ 8ರಿಂದ ಬೆಳಗ್ಗೆ 8ರವರೆಗೆ ಎಂಜಿನ್ ಓಡಿಸಬಾರದೆಂದು ಕೇಳಿಕೊಳ್ಳುತ್ತದೆ. ಲಿಥಿಯಂ ಬ್ಯಾಟರಿಯದು ತದ್ವಿರುದ್ಧ ಸಮಸ್ಯೆ. ಅದು ಕೊಟ್ಟಷ್ಟನ್ನೂ ನುಂಗುವ ಕಾರಣ ಆಲ್ಟರ್ನೇಟರ್ ಕಾದು ಸುಡುವ ಅಪಾಯವಿದ್ದು, ಪ್ರವಾಹವನ್ನು ಮಿತಿಗೊಳಿಸುವ ಚಾರ್ಜರ್ ನಡುವೆ ಇರಬೇಕು.

ಚಾವಣಿಯ ಸೌರಫಲಕಗಳು ಬೇಸಗೆಯಲ್ಲಿ ಟಿವಿಯ ಪಾಲನ್ನು ಸದ್ದಿಲ್ಲದೆ ಪೂರೈಸುತ್ತವೆ, ಬೆಳಗಿನಿಂದ ಸಂಜೆಯವರೆಗೆ ನಿಧಾನವಾಗಿ ತುಂಬಿ ಆ ಕೊನೆಯ ಶೇ. 20ನ್ನೂ ಮುಗಿಸುತ್ತವೆ. ಚಳಿಗಾಲದಲ್ಲಿ ಮಾತ್ರ ಅವುಗಳನ್ನು ನಂಬುವಂತಿಲ್ಲ. ಲಂಡನ್ನಿನ ಅಕ್ಷಾಂಶದಲ್ಲಿ ಡಿಸೆಂಬರಿನ ಹಗಲು 8 ಗಂಟೆಗಿಂತ ಕಡಿಮೆ; ಸಮತಲವಾಗಿ ಮಲಗಿಸಿದ ಫಲಕಕ್ಕೆ ಆಗ ದೊರೆಯುವ ಸೌರಶಕ್ತಿ ಜೂನ್ ತಿಂಗಳಿನದರ ಹತ್ತನೇ ಒಂದು ಭಾಗದಷ್ಟಿರುತ್ತದೆ. ಜನ ಒಳಗೆ ಕುಳಿತು ಟಿವಿ ನೋಡಬಯಸುವ ದೀರ್ಘ ರಾತ್ರಿಗಳೂ ಅವೇ.

ಸುರಕ್ಷತೆ

12 ವೋಲ್ಟ್ ಮುಟ್ಟಿದರೆ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲವೆಂಬ ಧೈರ್ಯ ಬೆಂಕಿಯ ವಿಷಯದಲ್ಲಿ ಸಲ್ಲದು. ಬ್ಯಾಟರಿಯ ಎರಡು ಧ್ರುವಗಳ ನಡುವೆ ಸ್ಪ್ಯಾನರ್ ಬಿದ್ದರೆ ನೂರಾರು ಆಂಪಿಯರ್ ಹರಿದು ಲೋಹ ಕೆಂಪಗೆ ಕಾಯಬಲ್ಲದು. ಪ್ರತಿ ಧನ ತಂತಿಗೂ ಬ್ಯಾಟರಿಯ ಸಮೀಪದಲ್ಲೇ ಫ್ಯೂಸ್ ಇರಬೇಕು. ಸೀಸ-ಆಮ್ಲ ಬ್ಯಾಟರಿಗಳು ಚಾರ್ಜ್ ಆಗುವಾಗ ಹೈಡ್ರೋಜನ್ ಹೊಮ್ಮುವುದರಿಂದ ಅವುಗಳ ಕೋಣೆಗೆ ಗಾಳಿಯಾಟ ಅಗತ್ಯ. ಇನ್ವರ್ಟರ್ ಇರುವಲ್ಲಿ 230 ವೋಲ್ಟ್‌ನ ಅಪಾಯವೂ ಇದೆ. ಸುತ್ತ ಉಕ್ಕಿನ ಒಡಲು, ಕೆಳಗೆ ನೀರು. ಸಣ್ಣ ಪೆಟ್ರೋಲ್ ಜನರೇಟರನ್ನು ದೋಣಿಯೊಳಗೆ ಓಡಿಸುವುದು ಕಾರ್ಬನ್ ಮೊನಾಕ್ಸೈಡ್ ವಿಷಕ್ಕೆ ಬಾಗಿಲು ತೆರೆದಂತೆ.

ಇತರ ಬಳಕೆಗಳು

ಹಾಯಿದೋಣಿ ಮತ್ತು ಪ್ರವಾಸಿ ವ್ಯಾನ್‌ಗಳಲ್ಲಿ ಇದೇ ಏರ್ಪಾಡು ಕಾಣಸಿಗುತ್ತದೆ. ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ರೂಢಿಯಲ್ಲಿದ್ದು, ಅಲ್ಲಿ ಅದೇ ಸಾಮರ್ಥ್ಯಕ್ಕೆ ಪ್ರವಾಹ ಅರ್ಧವಾಗುವುದರಿಂದ ತಂತಿ ಅಷ್ಟು ದಪ್ಪವಿರಬೇಕಿಲ್ಲ. ಲಾರಿ ಚಾಲಕರಿಗೆಂದು ತಯಾರಾದ ಕೆಲವು ಟಿವಿಗಳು 12 ಮತ್ತು 24 ಎರಡನ್ನೂ ಸ್ವೀಕರಿಸುತ್ತವೆ. ಕಾಶ್ಮೀರದ ದಾಲ್ ಸರೋವರದ ದೋಣಿಮನೆಗಳು ಒಂದೆಡೆ ನೆಲೆನಿಂತು ದಡದಿಂದ ಕರೆಂಟು ಪಡೆಯುತ್ತವೆ. ಕೇರಳದ ಆಲಪ್ಪುಳದ ಹಿನ್ನೀರಿನಲ್ಲಿ ಪ್ರವಾಸಿಗರನ್ನು ಹೊತ್ತು ತಿರುಗುವ ದೋಣಿಮನೆಗಳು ಏರ್‌ಕಂಡಿಷನರ್‌ನಂಥ ಭಾರೀ ಹೊರೆಗೆ ಡೀಸೆಲ್ ಜನರೇಟರನ್ನು ನೆಚ್ಚಿಕೊಂಡಿವೆ. ಅಷ್ಟು ಹೊರೆಯನ್ನು ರಾತ್ರಿಯಿಡೀ ಹೊರಲು ಬೇಕಾಗುವ ಬ್ಯಾಟರಿಗಳ ವೆಚ್ಚ ಟಿವಿಗೆ ಬೇಕಾದುದಕ್ಕಿಂತ ಬಹುಪಟ್ಟು ಹೆಚ್ಚು.