ಪೇಟೆಂಟ್ ಏಜೆಂಟ್

ಆವಿಷ್ಕಾರ ಮಾಡಿದವರ ಪರವಾಗಿ ಪೇಟೆಂಟ್ ಅರ್ಜಿ ಬರೆದು ಸಲ್ಲಿಸುವ, ಪೇಟೆಂಟ್ ಕಚೇರಿಯ ಪರೀಕ್ಷಕರ ಆಕ್ಷೇಪಗಳಿಗೆ ಉತ್ತರಿಸುವ, ನಿಯಂತ್ರಕರ ಮುಂದೆ ವಾದ ಮಂಡಿಸುವ ನೋಂದಾಯಿತ ವೃತ್ತಿಗಾರ. 1970ರ ಪೇಟೆಂಟ್ ಕಾಯ್ದೆಯ 126ನೆಯ ಕಲಮಿನಂತೆ ಈತ ಭಾರತದ ಪ್ರಜೆಯಾಗಿರಬೇಕು, 21 ವರ್ಷ ತುಂಬಿರಬೇಕು, ವಿಜ್ಞಾನ, ಎಂಜಿನಿಯರಿಂಗ್ ಇಲ್ಲವೇ ತಂತ್ರಜ್ಞಾನದ ಪದವಿ ಪಡೆದಿರಬೇಕು. ಕಾನೂನು ಪದವಿ ಕಡ್ಡಾಯವಲ್ಲ. ವಿಜಯಪುರ ಜಿಲ್ಲೆಯ ಸಿಂದಗಿಯಲ್ಲೋ ಮುದ್ದೇಬಿಹಾಳದಲ್ಲೋ ಬಿ.ಎಸ್‌ಸಿ. ಮುಗಿಸಿದವರಿಗೂ ಈ ದಾರಿ ತೆರೆದೇ ಇದೆ. ಅದು ಅಲ್ಲಿನ ಹೆಚ್ಚು ಹುಡುಗ ಹುಡುಗಿಯರಿಗೆ ತಿಳಿಯಬೇಕಾದ ಸಂಗತಿ.

ಪದವಿಯ ಜೊತೆಗೆ ಪಾಸಾಗಬೇಕಾದ ಅರ್ಹತಾ ಪರೀಕ್ಷೆಯಲ್ಲಿ ಎರಡು ಲಿಖಿತ ಪತ್ರಿಕೆಗಳಿವೆ: ಒಂದು ಕಾಯ್ದೆ ಮತ್ತು ನಿಯಮಗಳದು, ಇನ್ನೊಂದು ಕರಡು ಬರೆಯುವುದು. ಅವುಗಳ ಜೊತೆಗೆ ಮೌಖಿಕ ಸಂದರ್ಶನ. ಒಂದೊಂದು ಪತ್ರಿಕೆಯಲ್ಲೂ ಶೇ. 50, ಒಟ್ಟಾರೆ ಶೇ. 60 ಅಂಕ ಬೇಕು. ಪರೀಕ್ಷಕ ಅಥವಾ ನಿಯಂತ್ರಕರಾಗಿ 10 ವರ್ಷ ದುಡಿದವರಿಗೆ ಪರೀಕ್ಷೆಯಿಲ್ಲ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ದೂರಶಿಕ್ಷಣದಲ್ಲಿ ಬೌದ್ಧಿಕ ಆಸ್ತಿಯ ಡಿಪ್ಲೊಮಾ ನಡೆಸುತ್ತದೆ. ಆದರೆ ನಿಜವಾದ ಕಲಿಕೆ ಆಗುವುದು ಹಿರಿಯ ಏಜೆಂಟರ ಕೈಕೆಳಗೆ, ಕರಡು ಬರೆದು ತಿದ್ದಿಸಿಕೊಳ್ಳುತ್ತ.

ಕಸುಬಿನ ಜೀವಾಳ ‘ಕ್ಲೇಮ್’, ಅಂದರೆ ಹಕ್ಕಿನ ಎಲ್ಲೆ ಗುರುತಿಸುವ ವಾಕ್ಯ. ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ವೆಲ್ಡಿಂಗ್ ಅಂಗಡಿಯೊಂದರಲ್ಲಿ ಲಿಂಬೆ ವಿಂಗಡಿಸುವ ಯಂತ್ರ ತಯಾರಾಯಿತು ಎನ್ನೋಣ. ಅಕ್ಕಪಕ್ಕ ತಿರುಗುವ ಎರಡು ರೋಲರ್‌ಗಳ ನಡುವಿನ ಸಂದು ಮುಂದೆ ಹೋದಂತೆ ಅಗಲವಾಗುತ್ತದೆ. ಸಣ್ಣ ಕಾಯಿ ಮೊದಲು ಬೀಳುತ್ತದೆ, ದಪ್ಪನೆಯದು ಕೊನೆಗೆ. ‘30 ಮಿ.ಮೀ. ಸಂದು’ ಎಂದಷ್ಟೇ ಬರೆದರೆ ಪಕ್ಕದವನು 32 ಮಾಡಿ ಪಾರಾಗುತ್ತಾನೆ. ‘ಸಂದುಳ್ಳ ರೋಲರ್’ ಎಂದು ಸಡಿಲವಾಗಿ ಬರೆದರೆ ಹಳೆಯ ಯಂತ್ರಗಳೂ ಅದರೊಳಗೆ ಬಂದು ಅರ್ಜಿ ತಿರಸ್ಕೃತವಾಗುತ್ತದೆ. ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯಲು ಏಜೆಂಟ್ ಹಳೆಯ ಪೇಟೆಂಟುಗಳನ್ನು ಜಾಲಾಡಿರಬೇಕು, ಯಂತ್ರವನ್ನು ಬಿಚ್ಚಿ ನೋಡಿರಬೇಕು.

ಲಿಂಬೆಗೇ ಪೇಟೆಂಟ್ ಇಲ್ಲ. ಗಿಡ, ಬೀಜ, ತಳಿ, ಬೇಸಾಯದ ವಿಧಾನ, ಪಾರಂಪರಿಕ ಜ್ಞಾನ ಇವೆಲ್ಲ 3ನೆಯ ಕಲಮಿನಡಿ ಹೊರಗೆ. ಇಂಡಿ ಲಿಂಬೆಗೆ ದೊರೆತಿರುವುದು ಭೌಗೋಳಿಕ ಸೂಚಕ. ರೈತರ ತಳಿಗಳಿಗೆ 2001ರ ಸಸ್ಯ ತಳಿ ಸಂರಕ್ಷಣಾ ಕಾಯ್ದೆಯಿದೆ. ಇಷ್ಟನ್ನು ಮೊದಲೇ ತಿಳಿಸಿ ರೈತನ ದುಡ್ಡು ಉಳಿಸುವುದೂ ಏಜೆಂಟರ ಕೆಲಸ. ಇನ್ನೊಂದು ಎಚ್ಚರಿಕೆ: ಅರ್ಜಿ ಹಾಕುವ ಮುನ್ನ ಕೃಷಿ ಮೇಳದಲ್ಲಿ ಯಂತ್ರ ಓಡಿಸಿ ತೋರಿಸಿದರೆ ಹೊಸತನವೇ ಪ್ರಶ್ನೆಗೆ ಬರುತ್ತದೆ. ಬೇಗ ಬೇಕಾದವರು ತಾತ್ಕಾಲಿಕ ವಿವರಣೆ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬಹುದು.

ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರ ಕೂರಿಗೆ, ಹುಣಸೆಬೀಜ ಬೇರ್ಪಡಿಸುವ ಯಂತ್ರಗಳಿಗೆ 2022ರಲ್ಲಿ ಪದ್ಮಶ್ರೀ ಬಂತು. ಅಂಥ ಕೈಗಳು ಬಸವನ ಬಾಗೇವಾಡಿ ಸೀಮೆಯಲ್ಲೂ ಇವೆ. ಅರ್ಜಿ ಮಾತ್ರ ಇಂಗ್ಲಿಷ್ ಅಥವಾ ಹಿಂದಿಯಲ್ಲೇ ಇರಬೇಕು. ಆದ್ದರಿಂದ ಮಿಸ್ತ್ರಿಯ ಮಾತನ್ನು ಅವನ ಆಡುನುಡಿಯಲ್ಲೇ ಕೇಳಿ ಅರ್ಥಮಾಡಿಕೊಳ್ಳಬಲ್ಲ ಏಜೆಂಟ್ ಈ ಭಾಗಕ್ಕೆ ಬೇಕು. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಸೇರುತ್ತವೆ. ಏಜೆಂಟರು ಎಲ್ಲವನ್ನೂ ಆನ್‌ಲೈನ್‌ನಲ್ಲೇ ಸಲ್ಲಿಸಬೇಕಾದ್ದರಿಂದ, ವಿಚಾರಣೆಯೂ ವಿಡಿಯೊದಲ್ಲೇ ನಡೆಯುವುದರಿಂದ, ಇಂಡಿಯಲ್ಲಿ ಕುಳಿತೇ ಈ ವೃತ್ತಿ ನಡೆಸಬಹುದು.