ಅನುಕರಣೆ ಮತ್ತು ಅಂಕಿತ

‘ಅದು ಬರೀ ಅನುಕರಣೆ’ ಎಂದರೆ ಹಾಡಿದವರ ಮುಖವೂ ಬರೆದವರ ಮುಖವೂ ಸಪ್ಪಗಾಗುತ್ತದೆ. ಆದರೆ ಈ ಪದ ಹುಟ್ಟಿನಿಂದ ಬೈಗುಳವಲ್ಲ. ಸಂಸ್ಕೃತದಲ್ಲಿ ‘ಅನು’ ಎಂದರೆ ಹಿಂದೆ, ‘ಕರಣ’ ಎಂದರೆ ಮಾಡುವುದು. ಒಬ್ಬರು ಮಾಡಿದ್ದನ್ನು ಕಂಡು ಹಾಗೆಯೇ ಮಾಡುವುದು ಅನುಕರಣೆ. ಚಟಚಟ, ಧಗಧಗ ಮುಂತಾದ ಪದಗಳನ್ನು ಕನ್ನಡ ವ್ಯಾಕರಣವು ‘ಅನುಕರಣಾವ್ಯಯ’ ಎಂದು ಕರೆಯುತ್ತದೆ. ಅಲ್ಲಿ ನಿಂದೆಯ ಸುಳಿವಿಲ್ಲ. ಇನ್ನೊಬ್ಬರಂತೆ ನಟಿಸಿ ಗೇಲಿ ಮಾಡಿದರೆ ಅದು ಅಣಕ. ಪರರ ಬರಹವನ್ನು ತನ್ನದೆಂದು ತೋರಿಸಿದರೆ ಅದು ಕೃತಿಚೌರ್ಯ.

ಇವುಗಳ ನೆರೆಯಲ್ಲಿಯೇ ‘ಅನುಸರಣೆ’ ಎಂಬ ಇನ್ನೊಂದು ಪದವಿದೆ. ಅದರ ಅರ್ಥ ಹಿಂದೆ ನಡೆಯುವುದು. ಅನುಕರಿಸುವವರು ರೂಪವನ್ನು ಹಿಡಿಯುತ್ತಾರೆ, ಅನುಸರಿಸುವವರು ದಾರಿಯನ್ನು ಹಿಡಿಯುತ್ತಾರೆ. ಈ ಅಂತರ ತಿಳಿಯಲು ರಾಯಚೂರು ಸೀಮೆಯ ಹರಿದಾಸರತ್ತ ನೋಡಬಹುದು.

ಪುರಂದರದಾಸರು ಕಾಲವಾದದ್ದು 1564ರಲ್ಲಿ. ನಂತರ ಸೊರಗಿದ್ದ ದಾಸಪರಂಪರೆಗೆ ಮತ್ತೆ ಜೀವ ತುಂಬಿದವರು ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು (1682–1755). ಪುರಂದರದಾಸರಂತೆಯೇ ಅವರೂ ಪದ, ಸುಳಾದಿಗಳನ್ನು ರಚಿಸಿದರು. ದೇವದುರ್ಗ ತಾಲ್ಲೂಕಿನ ಮೊಸರುಕಲ್ಲಿನ ಭಾಗಣ್ಣ ಅವರ ಶಿಷ್ಯರಾಗಿ ಗೋಪಾಲದಾಸರಾದರು. ಮಾನ್ವಿಯ ಜಗನ್ನಾಥದಾಸರು (1728–1809) ಅದೇ ಹಾದಿಯಲ್ಲಿ ಬಂದವರು.

ಪದದ ಕೊನೆಯಲ್ಲಿ ಬರುವ ಇವರ ಅಂಕಿತಗಳನ್ನು ಗಮನಿಸಿ: ಪುರಂದರ ವಿಠಲ, ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ. ‘ವಿಠಲ’ ಎಲ್ಲರಿಗೂ ಸಮಾನ. ಮುಂದಿರುವ ಹೆಸರು ಮಾತ್ರ ಅವರವರದು. ಪರಂಪರೆಯ ಋಣ, ಸ್ವಂತದ ಗುರುತು ಎರಡೂ ಒಂದೇ ಅಂಕಿತದಲ್ಲಿವೆ.

ಜಗನ್ನಾಥದಾಸರು ಮೊದಲು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ಪಂಡಿತರು. ಕನ್ನಡ ಪದ ಹಾಡುವ ವಿಜಯದಾಸರನ್ನು ಅವರು ಹಗುರವಾಗಿ ಕಂಡಿದ್ದರೆಂದೂ, ಬಳಿಕ ಕಠಿಣ ಕಾಯಿಲೆ ಬಿದ್ದು ಗೋಪಾಲದಾಸರಲ್ಲಿಗೆ ಹೋದರೆಂದೂ ಸಂಪ್ರದಾಯ ಹೇಳುತ್ತದೆ. ಹಾಗೆ ದಾಸರಾದ ಪಂಡಿತರೇ ಮುಂದೆ ಕನ್ನಡದಲ್ಲಿ ‘ಹರಿಕಥಾಮೃತಸಾರ’ ಬರೆದರು. ಆರಿಸಿಕೊಂಡದ್ದು ಕುಮಾರವ್ಯಾಸ ಭಾರತದ ಭಾಮಿನಿ ಷಟ್ಪದಿಯನ್ನು. ಅದಕ್ಕೆ ತುಂಬಿದ್ದು ಮಧ್ವಸಿದ್ಧಾಂತವನ್ನು. ಛಂದಸ್ಸು ಹಳೆಯದು, ಅಂಕಿತದ ಪದ್ಧತಿ ಹಳೆಯದು. ಆದರೂ ಕೃತಿಯನ್ನು ಯಾರೂ ನಕಲು ಎನ್ನಲಿಲ್ಲ.

ರಾಯಚೂರಿನಲ್ಲಿ ಇಂದು ದಾಸರ ಪದ ಕಲಿಯುವ ಮಗುವೂ ಮೊದಲು ಗುರು ಹಾಡಿದಂತೆಯೇ ಹಾಡಬೇಕು. ಅದು ಕಲಿಕೆಯ ಮೊದಲ ಮೆಟ್ಟಿಲು. ಅಲ್ಲಿಯೇ ನಿಂತರೆ ಮಾತ್ರ ಅನುಕರಣೆ ಕೊರತೆಯಾಗುತ್ತದೆ. ಯಾರಿಂದ ಪಡೆದದ್ದೆಂಬುದನ್ನು ಮುಚ್ಚಿಟ್ಟರೆ ಅಪರಾಧವಾಗುತ್ತದೆ.